ಹರಿಯುವ ಕಾಲುವೆಯ ದಂಡೆಯ ಮೇಲೆ ಪ್ರವಾಸಿಗರನ್ನು ನಡೆಸಬಹುದೇ?

ಪ್ರಶ್ನೆ: ನಾನು ಕಮಲಾಪುರದ ಬಳಿಯ ಹಳ್ಳಿಯವನು. ವಿಜಯನಗರ ಕಾಲದ ‘ತುರ್ತು’ ಎಂಬ ಹೆಸರಿನ ಕಾಲುವೆಯ ನೀರಿನಲ್ಲಿ ನಮ್ಮದು ಒಂದೂವರೆ ಎಕರೆ ಬಾಳೆ ತೋಟವಿದೆ. ಇತಿಹಾಸದಲ್ಲಿ ಎಂ.ಎ. ಮುಗಿಸಿ ಎರಡು ವರ್ಷವಾಯಿತು, ಕೆಲಸ ಸಿಕ್ಕಿಲ್ಲ. ಹಂಪಿಗೆ ಬರುವವರನ್ನು ಬೆಳಗಿನ ಹೊತ್ತು ಕಾಲುವೆಯ ದಂಡೆಯ ಮೇಲೆ ನಡೆಸಿಕೊಂಡು ಹೋಗಿ ಅದರ ಕಥೆ ಹೇಳಬೇಕೆಂಬ ಆಸೆಯಿದೆ. ಅಪ್ಪನಿಗೆ ಇಷ್ಟವಿಲ್ಲ. ‘ಒಬ್ಬ ಕಾಲು ಜಾರಿ ಬಿದ್ದರೆ ಊರೇ ನಿನ್ನ ಮೇಲೆ ಬೀಳುತ್ತದೆ, ಅಕ್ಕಪಕ್ಕದವರ ನಿಷ್ಠುರ ಬೇರೆ’ ಎನ್ನುತ್ತಾರೆ. ಪಕ್ಕದ ಹೊಲದವರು ಆಗಲೇ ಗೊಣಗುತ್ತಿದ್ದಾರೆ. ಸಿಮೆಂಟ್ ಬಳಿದ ಕಾಲುವೆಯನ್ನು ನೋಡಲು ಯಾರು ಬರುತ್ತಾರೆ ಎಂದು ಗೆಳೆಯರು ಕೇಳುತ್ತಾರೆ. ಕಾಲುವೆಯನ್ನು ಕೃಷ್ಣದೇವರಾಯ ತೋಡಿಸಿದನೆಂದು ಕೆಲವರು, ಒಂದು ಕಡೆ ನೀರು ಮೇಲ್ಮುಖವಾಗಿ ಹರಿಯುತ್ತದೆಂದು ಇನ್ನು ಕೆಲವರು ಹೇಳುತ್ತಾರೆ. ಬಂದವರಿಗೆ ನಾನು ಏನು ಹೇಳಲಿ? ಆರಂಭಿಸಲೇ, ಬಿಡಲೇ?

ಉತ್ತರ: ನಿಮ್ಮ ತಂದೆಯವರ ಮಾತಿನಿಂದಲೇ ಶುರು ಮಾಡುತ್ತೇನೆ. ಪತ್ರದಲ್ಲಿ ಹೆಚ್ಚು ತೂಕವಿರುವ ಮಾತು ಅವರದು. ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿ ಕಾಲುವೆಗಳ ಮೇಲೆಯೇ ವಯಸ್ಸು ಕಳೆದವನು ನಾನು. ನಿವೃತ್ತಿಯ ನಂತರ ಹಳೆಯ ಕಾಲುವೆಗಳ ದಂಡೆಯ ಮೇಲೆ ಜನರನ್ನು ನಡೆಸುತ್ತಿದ್ದೇನೆ. ಅವರು ಹೇಳಿದ ಎರಡು ಭಯಗಳೂ ನಿಜವಾದವು, ನಾನು ಎರಡನ್ನೂ ಕಣ್ಣಾರೆ ಕಂಡಿದ್ದೇನೆ. ಆದರೂ ನೀವು ಆರಂಭಿಸಬೇಕು ಎಂಬುದೇ ನನ್ನ ಅಭಿಪ್ರಾಯ. ಹೇಗೆ ಆರಂಭಿಸುತ್ತೀರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಹಂಪಿಯ ವಿಠ್ಠಲ ದೇವಾಲಯವನ್ನು ನೋಡಲು ಹೋದವನು ಯಾರ ದಿನಗೂಲಿಗೂ ಅಡ್ಡ ಬರುವುದಿಲ್ಲ. ಕಾಲುವೆಯ ಮಾತು ಬೇರೆ. ಅದು ಇವತ್ತು ಬೆಳಗ್ಗೆ ಯಾರದೋ ಬಾಳೆಗೆ, ಯಾರದೋ ಗದ್ದೆಗೆ ಹೋಗುತ್ತಿರುವ ನೀರು. 1565ರಲ್ಲಿ ವಿಜಯನಗರ ಹಾಳಾಯಿತು, ಅರಮನೆಗಳ ಅಡಿಪಾಯ ಮಾತ್ರ ಉಳಿಯಿತು. ಅದೇ ನಗರಕ್ಕಾಗಿ ತೋಡಿದ ಕಾಲುವೆ ಇಂದಿಗೂ ಹರಿಯುತ್ತಿದೆ. ವರ್ಷವರ್ಷವೂ ಹೂಳು ತೆಗೆದು, ಒಡೆದ ಕಡೆ ಮಣ್ಣು ಮೆತ್ತಿ, ಕಲ್ಲು ಸರಿದ ಕಡೆ ಮತ್ತೆ ಕೂರಿಸಿದ ಕೈಗಳಿಲ್ಲದಿದ್ದರೆ ಅದೂ ಒಂದು ಪಾಳು ಹಳ್ಳವಾಗುತ್ತಿತ್ತು. ನಿಮ್ಮ ಪಕ್ಕದ ಹೊಲದವರು ಆ ಕೈಗಳ ವಾರಸುದಾರರು. ಅವರ ಗೊಣಗಾಟವನ್ನು ಅಡ್ಡಿಯೆಂದು ಎಣಿಸಬೇಡಿ. ನೀವು ಹೇಳಹೊರಟ ಕಥೆಯಲ್ಲಿ ಅದಕ್ಕೂ ಜಾಗವಿದೆ.

ಈಗ ಬೀಳುವ ಭಯದ ಮಾತು. ಕಾಲುವೆಯ ಬಗ್ಗೆ ಜನರಲ್ಲಿ ಬೇರೂರಿದ ಅತ್ಯಂತ ಅಪಾಯಕಾರಿ ತಪ್ಪು ಕಲ್ಪನೆ ‘ಮೊಣಕಾಲುದ್ದ ನೀರು ತಾನೇ’ ಎಂಬುದು. ನೀರಿನ ವೇಗ ಎರಡರಷ್ಟಾದರೆ ಅದು ನಿಮ್ಮನ್ನು ತಳ್ಳುವ ಬಲ ನಾಲ್ಕರಷ್ಟಾಗುತ್ತದೆ. ಮೇಲ್ಮೈ ಕನ್ನಡಿಯಂತೆ ಕಾಣುತ್ತಿದ್ದರೂ ಒಳಗಿನ ಸೆಳೆತ ದಂಡೆಯ ಮೇಲೆ ನಿಂತವನಿಗೆ ತಿಳಿಯುವುದಿಲ್ಲ. ಎರಡನೆಯ ತಪ್ಪು ಕಲ್ಪನೆ, ಕಾಂಕ್ರೀಟ್ ಹಾಕಿದ ಕಾಲುವೆ ಮಣ್ಣಿನ ಕಾಲುವೆಗಿಂತ ಸುರಕ್ಷಿತ ಎಂಬುದು. ವಾಸ್ತವ ಇದಕ್ಕೆ ತಿರುಗುಮುರುಗು. ಮಣ್ಣಿನ ದಂಡೆಯಲ್ಲಿ ಹುಲ್ಲಿರುತ್ತದೆ, ಬೇರಿರುತ್ತದೆ, ಕಾಲೂರಲು ಒಂದು ಹೆಂಟೆಯಾದರೂ ಸಿಗುತ್ತದೆ. ಕಾಂಕ್ರೀಟಿನ ಓರೆ ಗೋಡೆಯ ಮೇಲೆ ಪಾಚಿ ಕಟ್ಟಿದರೆ ಈಜು ಬಲ್ಲವನೂ ಹತ್ತಿ ಬರಲಾರ. ಒಳಮೈ ನುಣುಪಾದಷ್ಟೂ ನೀರಿನ ವೇಗವೂ ಹೆಚ್ಚು.

ಒಂದು ಘಟನೆ ಹೇಳುತ್ತೇನೆ, ಸ್ಥಳದ ಹೆಸರು ಬೇಡ. ಕಾಲೇಜಿನ ಗುಂಪೊಂದನ್ನು ಕರೆದೊಯ್ದಿದ್ದೆ. ಚಪ್ಪಲಿ ನೀರಿಗೆ ಬಿತ್ತೆಂದು ಹುಡುಗನೊಬ್ಬ ಇಳಿಜಾರಿನಲ್ಲಿ ಎರಡು ಹೆಜ್ಜೆ ಇಳಿದ. ಮೂರನೆಯ ಹೆಜ್ಜೆ ಅವನ ಕೈಯಲ್ಲಿರಲಿಲ್ಲ. ಸುಮಾರು ನೂರು ಅಡಿ ಕೆಳಗೆ ಕಾಲುವೆ ರಸ್ತೆಯಡಿಯ ಕೊಳವೆಯೊಳಗೆ ನುಗ್ಗುತ್ತಿತ್ತು. ಹೊಲಗಳಿಗೆ ನೀರು ಹಂಚುವ ನೀರುಗಂಟಿಯೊಬ್ಬರು ಉದ್ದನೆಯ ಬಿದಿರೊಂದನ್ನು ಹಿಡಿದು ನಮ್ಮ ಜೊತೆಯಲ್ಲೇ ನಡೆಯುತ್ತಿದ್ದರು. ಬಿದಿರನ್ನು ಚಾಚಿದರು, ಹುಡುಗ ಹಿಡಿದುಕೊಂಡ, ಬದುಕಿದ. ಅವರು ನೀರಿಗೆ ಇಳಿಯಲಿಲ್ಲ ಎಂಬುದನ್ನು ಗಮನಿಸಿ. ಕಾಲುವೆಗಳಲ್ಲಿ ಎರಡನೆಯ ಸಾವು ಬಹುತೇಕ ಕಾಪಾಡಲು ಧುಮುಕಿದವರದಾಗಿರುತ್ತದೆ. ಅಂದಿನಿಂದ ಒಂದು ಬಿದಿರು ಮತ್ತು ಇಪ್ಪತ್ತು ಮೀಟರ್ ಹಗ್ಗ ಇಲ್ಲದೆ ನಾನು ಯಾವ ಗುಂಪನ್ನೂ ಹೊರಡಿಸಿಲ್ಲ. ತೂಬಿನ ಬಾಯಿ, ರಸ್ತೆಯಡಿಯ ಕೊಳವೆ, ಹಳ್ಳ ದಾಟಿಸುವ ಮೇಲ್ಗಾಲುವೆಯ ತುದಿ, ಈ ಮೂರು ಕಡೆ ಯಾರನ್ನೂ ನಿಲ್ಲಿಸಬೇಡಿ. ಜನ ಫೋಟೊಕ್ಕೆ ನಿಲ್ಲಲು ಬಯಸುವುದು ಆ ಜಾಗಗಳಲ್ಲೇ.

ಯಾವ ದಂಡೆಯ ಮೇಲೆ ನಡೆಯಬೇಕು ಎಂಬುದನ್ನೂ ಹೇಳಬೇಕು. ಗುಡ್ಡದ ಬದಿಯಲ್ಲಿ ಸಾಗುವ ಕಾಲುವೆಗೆ ಮೇಲ್ದಂಡೆ ಎಂದರೆ ಗುಡ್ಡವೇ. ಕೆಳದಂಡೆ ಮಾತ್ರ ಮನುಷ್ಯ ಏರಿಸಿದ ಮಣ್ಣು, ನೀರಿನ ಭಾರವನ್ನೆಲ್ಲ ಹೊರುವುದು ಅದು. ಇಲಿ, ಏಡಿಗಳು ಬಿಲ ಕೊರೆಯುವುದೂ ಅದರಲ್ಲಿಯೇ. ಮಳೆ ಬಿದ್ದ ಮರುದಿನ ಮೂವತ್ತು ಜನ ಸಾಲಾಗಿ ಅದರ ಅಂಚು ತುಳಿದರೆ ಮಣ್ಣು ಕುಸಿಯುತ್ತದೆ. ಕುಸಿದ ಜಾಗದಲ್ಲಿ ನೀರು ಸೋರುತ್ತದೆ, ಸೋರಿದ ಜಾಗ ಒಂದು ರಾತ್ರಿಯಲ್ಲಿ ಒಡೆಯುತ್ತದೆ. ನಿಮ್ಮ ನೆರೆಯವರ ಗೊಣಗಾಟಕ್ಕೆ ಈ ಕಾರಣವೂ ಇರಬಹುದು, ಕೇಳಿ ನೋಡಿ. ಗುಂಪು ಹನ್ನೆರಡನ್ನು ಮೀರದಿರಲಿ. ಗಾಡಿ ಓಡಾಡುವಷ್ಟು ಅಗಲವಾದ ದಂಡೆಯಿರುವ ಭಾಗವನ್ನು ಮಾತ್ರ ಆರಿಸಿಕೊಳ್ಳಿ.

ಕಥೆಗಳ ವಿಷಯಕ್ಕೆ ಬರೋಣ. ಕೃಷ್ಣದೇವರಾಯನ ಆಳ್ವಿಕೆ 1509ರಿಂದ 1529ರವರೆಗೆ. ಅವನ ಕಾಲದಲ್ಲಿ ನೀರಿನ ಕೆಲಸಗಳು ಬಹಳ ನಡೆದವು, ಹೊಸಪೇಟೆಯ ಕಡೆಯ ಬಸವಣ್ಣ ಕಾಲುವೆಯನ್ನು 1521ರದೆಂದು ಹೇಳಲಾಗುತ್ತದೆ. ಆದರೆ ನಗರಕ್ಕೆ ಹೊಳೆಯ ನೀರು ಬಂದದ್ದು ಅದಕ್ಕೂ ನೂರು ವರ್ಷ ಹಿಂದೆ ಎನ್ನಲು ಆಧಾರವಿದೆ. ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ 1535ರ ಸುಮಾರಿಗೆ ಬರೆದಿಟ್ಟ ವೃತ್ತಾಂತದಲ್ಲಿ, ಹಿಂದಿನ ಅರಸನೊಬ್ಬ ಹೊಳೆಗೆ ದೊಡ್ಡ ದೊಡ್ಡ ಬಂಡೆಗಳನ್ನು ಹಾಕಿಸಿ ಕಟ್ಟೆ ಕಟ್ಟಿಸಿ ನಗರಕ್ಕೆ ನೀರು ತಂದ, ಅದರಿಂದ ನಗರದ ಸುತ್ತ ಹಣ್ಣಿನ ತೋಟಗಳೆದ್ದವು, ರಾಜ್ಯದ ಆದಾಯ 3,50,000 ಪರ್ದಾವ್ ಎಂಬ ಚಿನ್ನದ ನಾಣ್ಯ‌ಗಳಿಗೂ ಹೆಚ್ಚು ಬೆಳೆಯಿತು ಎಂಬ ಮಾತಿದೆ. ಆ ಅರಸ ಒಂದನೆಯ ದೇವರಾಯ ಎಂದು ಇತಿಹಾಸಕಾರರು ಗುರುತಿಸಿದ್ದಾರೆ. ಶಾಸನಗಳಲ್ಲಿ ಬರುವ ‘ಹಿರಿಯ ಕಾಲುವೆ’ ನಿಮ್ಮ ಕಣಿವೆಯ ಕಾಲುವೆಯೇ ಎಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ. ನೀವು ಇಷ್ಟನ್ನೇ ಹೇಳಿ. ‘ಇತಿಹಾಸಕಾರರು ಹೀಗೆ ಗುರುತಿಸಿದ್ದಾರೆ’ ಎಂದು ಹೇಳುವ ಮಾರ್ಗದರ್ಶಿಯನ್ನು ಜನ ಹೆಚ್ಚು ನಂಬುತ್ತಾರೆ, ಇದು ನನ್ನ ಅನುಭವ.

ನರಬಲಿಯ ಕಥೆಯನ್ನೂ ಯಾರಾದರೂ ಕೇಳಿಯೇ ಕೇಳುತ್ತಾರೆ. ಅದು ಬರುವುದು ಪಾಯೆಸ್ ಎಂಬ ಇನ್ನೊಬ್ಬ ಪೋರ್ಚುಗೀಸನ ಬರಹದಲ್ಲಿ. ಅದು ಕೃಷ್ಣದೇವರಾಯ ಕಟ್ಟಿಸುತ್ತಿದ್ದ ದೊಡ್ಡ ಕೆರೆಯೊಂದರ ಪ್ರಸಂಗ. ಏರಿ ಎರಡು ಮೂರು ಸಲ ಒಡೆಯಿತೆಂದೂ, ಇರುವೆಗಳಂತೆ ಸಾವಿರಾರು ಜನ ದುಡಿಯುತ್ತಿದ್ದರೆಂದೂ ಅವನು ಬರೆದಿದ್ದಾನೆ. ಅದನ್ನು ತಂದು ನಿಮ್ಮ ಕಾಲುವೆಗೆ ಅಂಟಿಸಬೇಡಿ.

ಇದನ್ನೆಲ್ಲ ಅಳೆದವರು ಯಾರು ಎಂದು ಮಕ್ಕಳು ಕೇಳಿದರೆ ಹೇಳಲು ಒಂದು ಒಳ್ಳೆಯ ಹೆಸರಿದೆ. 1388ರ ಶಾಸನವೊಂದರಲ್ಲಿ, ಹೆನ್ನೆ ಹೊಳೆಯ ನೀರನ್ನು ಕಾಲುವೆಯ ಮೂಲಕ ಪೆನುಗೊಂಡೆಗೆ ತರುವ ಕೆಲಸವನ್ನು ಜಲಸೂತ್ರದ ಸಿಂಗಾಯಭಟ್ಟನಿಗೆ ವಹಿಸಿದ್ದು ದಾಖಲಾಗಿದೆ. ಅವನು ನಿಮ್ಮ ಕಾಲುವೆಯವನಲ್ಲ. ಆದರೂ ನೀರಿನ ಮಟ್ಟ ನೋಡುವ ವಿದ್ಯೆಗೆ ಆ ಕಾಲದಲ್ಲೇ ಒಂದು ಹೆಸರಿತ್ತು, ಅದನ್ನು ಬಲ್ಲವನ ಹೆಸರನ್ನು ಕಲ್ಲಿನ ಮೇಲೆ ಕೊರೆದರು. ಕೆರೆ ಕಾಲುವೆ ತೋಡಿಸಿದವರಿಗೆ, ದುರಸ್ತಿ ಮಾಡಿದವರಿಗೆ ದಶವಂದ ಎಂದು ಭೂಮಿ ಬಿಡುತ್ತಿದ್ದ ಪದ್ಧತಿಯನ್ನೂ ಇದರ ಜೊತೆಗೇ ಹೇಳಿ.

ಮೇಲ್ಮುಖವಾಗಿ ಹರಿಯುವ ನೀರಿನ ಮಾತಂತೂ ನನಗೆ ಬಹಳ ಪ್ರಿಯ, ಅದರ ಹಿಂದೆ ಇಡೀ ಕಾಲುವೆಯ ಗುಟ್ಟಿದೆ. ನೀರು ಎಲ್ಲಿಯೂ ಮೇಲಕ್ಕೆ ಹರಿಯುತ್ತಿಲ್ಲ. ತುಂಗಭದ್ರೆ ಬಂಡೆಗಳ ನಡುವೆ ಧುಮುಕುತ್ತಾ ಬೇಗಬೇಗ ಕೆಳಗಿಳಿಯುತ್ತಾಳೆ. ಕಾಲುವೆ ಅಣೆಕಟ್ಟಿನಲ್ಲಿ ಅವಳಿಂದ ಬೇರೆಯಾದ ಮೇಲೆ ನಿಧಾನವಾಗಿ ಇಳಿಯುತ್ತದೆ. ಎತ್ತರ ಕಳೆದುಕೊಳ್ಳಬಾರದೆಂದು ಒಂದೊಂದು ಗುಡ್ಡವನ್ನೂ ಸುತ್ತಿಕೊಂಡು, ಹಾವಿನಂತೆ ಹೊರಳಿಕೊಂಡು ಹೋಗುತ್ತದೆ. ದೂರ ಸಾಗಿದಷ್ಟೂ ಹೊಳೆ ಕೆಳಗುಳಿಯುತ್ತದೆ, ಕಾಲುವೆ ಮೇಲುಳಿಯುತ್ತದೆ. ಆ ಎರಡರ ನಡುವಿನ ನೆಲವೇ ಅಚ್ಚುಕಟ್ಟು, ಎಂದರೆ ಕಾಲುವೆ ನೀರುಣಿಸುವ ನೆಲ. ಸುತ್ತಲಿನ ನೆಲ ಕಾಲುವೆಗಿಂತ ಕಡಿದಾಗಿ ಇಳಿಯುವ ಕಡೆ ಕಣ್ಣು ಆ ನೆಲವನ್ನೇ ಸಮತಟ್ಟೆಂದು ಹಿಡಿಯುತ್ತದೆ, ಆಗ ನೀರು ಏರುತ್ತಿರುವಂತೆ ಕಾಣುತ್ತದೆ. ಗಾರೆ ಕೆಲಸದವರು ಬಳಸುವ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿಸಿ ಇಬ್ಬರು ಪ್ರವಾಸಿಗರ ಕೈಗೆ ಎರಡು ತುದಿ ಕೊಡಿ. ಯಾವುದು ಎತ್ತರ ಎಂದು ಅವರೇ ಕಂಡುಕೊಳ್ಳಲಿ. ಐವತ್ತು ರೂಪಾಯಿಯ ಆ ಪೈಪಿನ ಮುಂದೆ ದೊಡ್ಡ ದೊಡ್ಡವರು ಮಕ್ಕಳಾಗುವುದನ್ನು ನೋಡಿದ್ದೇನೆ.

ಅಣೆಕಟ್ಟಿನ ಬಗ್ಗೆಯೂ ಒಂದು ಮಾತು. ಅಣೆ ಎಂದೊಡನೆ ಜನ ತುಂಗಭದ್ರಾ ಜಲಾಶಯವನ್ನು ನೆನೆಯುತ್ತಾರೆ. ವಿಜಯನಗರದ ಅಣೆಗಳು ನೀರು ಕೂಡಿಡಲಿಲ್ಲ. ನಡುಗಡ್ಡೆ, ಹುಟ್ಟುಬಂಡೆಗಳನ್ನೇ ಕಂಬಗಳಂತೆ ಬಳಸಿಕೊಂಡು ನಡುವಿನ ಸಂದುಗಳನ್ನು ಮಾತ್ರ ಕಲ್ಲಿನಿಂದ ಕಟ್ಟಿದರು, ಹೊಳೆಯ ಮಟ್ಟ ಕಾಲುವೆಯ ಬಾಯಿಗೆ ಎಟುಕುವಷ್ಟು ಏರಿದರೆ ಸಾಕಿತ್ತು. ಪ್ರವಾಹ ಬಂದರೆ ಮೇಲಿಂದ ಹಾರಿ ಹೋಗುತ್ತಿತ್ತು. ಎದುರು ನಿಂತು ಸೆಣಸದೆ ಹೊಳೆಗೆ ದಾರಿ ಬಿಟ್ಟದ್ದರಿಂದಲೇ ಅವು ಇಷ್ಟು ಕಾಲ ಬಾಳಿದವು ಎಂದು ಎಂಜಿನಿಯರನಾಗಿ ನಾನು ನಂಬುತ್ತೇನೆ. ಹೊಳೆಯ ಎರಡೂ ದಂಡೆಗಳಲ್ಲಿ ಇಂಥ ಹಳೆಯ ಕಾಲುವೆಗಳು ಇಂದಿಗೂ ಸುಮಾರು 11,000 ಹೆಕ್ಟೇರ್ ನೆಲಕ್ಕೆ ನೀರುಣಿಸುತ್ತಿವೆ. ಆದರೆ ಅಣೆಯ ಬಳಿಗೆ ಗುಂಪನ್ನು ಇಳಿಸಬೇಡಿ. ಮೇಲಿನ ಜಲಾಶಯದಿಂದ ನೀರು ಬಿಟ್ಟರೆ ಮಟ್ಟ ಏರುವುದು ತಿಳಿಯುವುದಿಲ್ಲ, ಹೊಳೆಯಲ್ಲಿ ಮೊಸಳೆಗಳೂ ಇವೆ. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆ 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ. ದೂರದ ಬಂಡೆಯ ಮೇಲೆ ಕುಳಿತು ಕಾದರೆ, ಅದೃಷ್ಟವಿದ್ದರೆ ನೀರುನಾಯಿಗಳ ಹಿಂಡು ಕಾಣಿಸುತ್ತದೆ. ಅಷ್ಟು ಸಾಕು.

ಸಿಮೆಂಟಿನ ಪ್ರಶ್ನೆಗೆ ನನ್ನ ಮನಸ್ಸಿನಲ್ಲೂ ನೋವಿದೆ, ಮುಚ್ಚಿಡುವುದಿಲ್ಲ. ಆಧುನೀಕರಣದಲ್ಲಿ ಹಳೆಯ ಕಲ್ಲುಕಟ್ಟಡ ಮುಚ್ಚಿಹೋದ ಕಡೆ ನಾವು ಮತ್ತೆ ಸಿಗದ ಪುಟವೊಂದನ್ನು ಕಳೆದುಕೊಂಡೆವು. ದಂಡೆಯ ಮರಗಳು ಹೋದವು, ಕೆಲವೆಡೆ ಜಿನುಗು ನೀರನ್ನೇ ನಂಬಿದ್ದ ಬಾವಿಗಳು ಇಳಿದವು. ಆದರೆ ಕಾಲುವೆಯ ಕೊನೆಯ ಭಾಗದ ರೈತನ ಹೊಲದಲ್ಲಿ ನಿಂತು ನೋಡಿ. ಮಣ್ಣಿನ ಕಾಲುವೆಯಲ್ಲಿ ದಾರಿಯುದ್ದಕ್ಕೂ ಇಂಗಿಹೋಗುತ್ತಿದ್ದ ನೀರು ಅವನ ಬೆಳೆಯ ನೀರು. ಬಂದವರಿಗೆ ಎರಡನ್ನೂ ತೋರಿಸಿ: ಹಳೆಯ ಕಲ್ಲು ಉಳಿದ ಒಂದು ಜಾಗ, ಹೊಸ ಹೊದಿಕೆಯ ಒಂದು ಜಾಗ. ತೀರ್ಪು ಅವರಿಗೆ ಬಿಡಿ. ಸಿಮೆಂಟ್ ಕಂಡು ಯಾರೂ ವಾಪಸಾಗುವುದಿಲ್ಲ. ಕಾಲುವೆಯ ಗುಣ ಅದರ ಜಾಡಿನಲ್ಲಿದೆ, ಮಟ್ಟದಲ್ಲಿದೆ, ಅದು ಹೊತ್ತುಕೊಂಡು ಬಂದ ಹಸಿರಿನಲ್ಲಿದೆ. ಒಂದು ಬದಿಗೆ ಬಂಡೆಗಳ ಗುಡ್ಡ, ಇನ್ನೊಂದು ಬದಿಗೆ ಬಾಳೆ, ಕಬ್ಬು, ಭತ್ತ. 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಕೋಟೆಯ ಸುತ್ತುಗಳ ನಡುವೆ ಹೊಲ ತೋಟಗಳನ್ನು ಕಂಡು ಬರೆದಿಟ್ಟ. ಆ ದೃಶ್ಯದ ಒಂದು ತುಣುಕು ನಿಮ್ಮ ಮನೆಯ ಮುಂದೆಯೇ ಇದೆ.

ದಾರಿ ಯಾವುದಿರಲಿ ಎಂದು ಕೇಳಿದರೆ, ಕೃಷ್ಣ ದೇವಾಲಯ ಮತ್ತು ಬಡವಿಲಿಂಗದ ನಡುವಿನ ಕಣಿವೆಯಿಂದ ಶುರು ಮಾಡಿ ಎನ್ನುತ್ತೇನೆ. ಬಡವಿಲಿಂಗದ ಪೀಠ ಸದಾ ನೀರಿನಲ್ಲೇ ಇರುತ್ತದೆ. ಪಕ್ಕದ ಕಾಲುವೆಗೂ ಆ ನೀರಿಗೂ ಇರುವ ನಂಟನ್ನು ಒಮ್ಮೆ ತೋರಿಸಿದರೆ ಮುಂದಿನ ಮೂರು ಕಿಲೋಮೀಟರ್ ಜನ ತಾವೇ ಕಾಲುವೆಯನ್ನು ಹುಡುಕುತ್ತಾ ಬರುತ್ತಾರೆ. ಅರಮನೆ ಆವರಣದ ಕಲ್ಲಿನ ಮೇಲ್ಗಾಲುವೆ, ಮೆಟ್ಟಿಲುಗಳ ಪುಷ್ಕರಣಿ ಬೇರೆಯ ವ್ಯವಸ್ಥೆಗೆ ಸೇರಿದವು, ಅವುಗಳ ನೀರಿನ ಮೂಲ ಕಮಲಾಪುರದ ಕೆರೆಯ ಕಡೆಗಿದೆ. ಎರಡನ್ನೂ ಒಂದೇ ಬೆಳಗಿಗೆ ತುರುಕಬೇಡಿ. ಬೆಳಕು ಚೆನ್ನಾಗಿ ಹರಿದ ಮೇಲೆ ಹೊರಡಿ, ಬಂಡೆಗುಡ್ಡಗಳಲ್ಲಿ ಚಿರತೆ ಕರಡಿಗಳ ಓಡಾಟವಿದೆ. ಒಂಬತ್ತರೊಳಗೆ ಮುಗಿಸಿ, ಬೇಸಿಗೆಯಲ್ಲಿ ಆ ಕಲ್ಲುಗಳ ನಡುವೆ ಹತ್ತು ಗಂಟೆಯ ಬಿಸಿಲನ್ನು ವಯಸ್ಸಾದವರು ತಾಳಲಾರರು.

ಇನ್ನು ಆರಂಭಿಸುವ ಬಗೆ. ಒಬ್ಬರೇ ನಡೆಸುವುದು ಒಂದು ದಾರಿ. ಹಣ ಪೂರ್ತಿ ನಿಮ್ಮದು, ಅಪಘಾತವಾದರೆ ಹೊಣೆಯೂ ಪೂರ್ತಿ ನಿಮ್ಮದು. ‘ನಮ್ಮ ಜವಾಬ್ದಾರಿಯಲ್ಲಿ ಬಂದಿದ್ದೇವೆ’ ಎಂದು ಪ್ರವಾಸಿಗರಿಂದ ಬರೆಸಿಕೊಂಡ ಚೀಟಿ ನಿಮ್ಮ ನಿರ್ಲಕ್ಷ್ಯವನ್ನು ಮನ್ನಿಸುವುದಿಲ್ಲ. ಈ ದಾರಿಯನ್ನು ನಾನು ಒಪ್ಪುವುದಿಲ್ಲ. ಮಾನ್ಯತೆ ಪಡೆದ ಮಾರ್ಗದರ್ಶಿಯೊಬ್ಬರ ಜೊತೆ ಸೇರುವುದು ಎರಡನೆಯದು. ಹಂಪಿಯಲ್ಲಿ ಹಣ ಪಡೆದು ಮಾರ್ಗದರ್ಶನ ಮಾಡಲು ಹೇಗೂ ಪ್ರವಾಸೋದ್ಯಮ ಇಲಾಖೆಯ ತರಬೇತಿ ಮತ್ತು ಗುರುತಿನ ಚೀಟಿಯ ಹಾದಿ ಹಿಡಿಯಲೇಬೇಕು, ಅಲ್ಲಿಯವರೆಗೆ ಇದು ಸರಿ. ಆದರೆ ಅವರ ಅವಸರ ನಿಮ್ಮ ನಡಿಗೆಯನ್ನು ನುಂಗಬಹುದು, ಕಾಲುವೆ ಹತ್ತು ನಿಮಿಷದ ನಿಲುಗಡೆಯಾಗಿಬಿಡಬಹುದು.

ಮೂರನೆಯದು ಕಾಲುವೆಯ ರೈತರನ್ನೇ ಪಾಲುದಾರರನ್ನಾಗಿ ಮಾಡಿಕೊಳ್ಳುವುದು. ಸ್ಥಳೀಯ ನೀರು ಬಳಕೆದಾರರ ಸಹಕಾರ ಸಂಘವಿದ್ದರೆ ಅದರ ಸಭೆಗೆ ಹೋಗಿ ವಿಷಯ ಇಡಿ. ಪ್ರತಿ ನಡಿಗೆಯ ಹಣದಲ್ಲಿ ಒಂದು ಪಾಲು ಹೂಳೆತ್ತಲು, ತೂಬಿನ ದುರಸ್ತಿಗೆ ಹೋಗಲಿ. ಒಂದು ಪಾಲು ಜೊತೆಗೆ ನಡೆಯುವ ನೀರುಗಂಟಿಗೆ ಸಲ್ಲಲಿ. ಇದು ನಿಧಾನದ ದಾರಿ, ಸಭೆಯಲ್ಲಿ ಮಾತು ಬರುತ್ತದೆ, ಲೆಕ್ಕ ಕೇಳುತ್ತಾರೆ, ಹಳೆಯ ಜಗಳಗಳು ನಿಮ್ಮ ತಲೆಗೆ ಸುತ್ತಿಕೊಳ್ಳಬಹುದು. ಆದರೂ ನಾನು ಕಂಡಂತೆ ಬಾಳಿಕೆ ಬರುವುದು ಇದೊಂದೇ. ಇನ್ನೊಂದು ಕಾಲುವೆಯಲ್ಲಿ, ನನ್ನ ಗುಂಪಿನ ಮಹಿಳೆಯೊಬ್ಬರ ಮಗು ಆಟಕ್ಕೆಂದು ಹೊಲಗಾಲುವೆಯ ಬಾಯಿಗೆ ಮೆತ್ತಿದ್ದ ಹುಲ್ಲು ಮಣ್ಣಿನ ಮುಚ್ಚನ್ನು ಕಿತ್ತುಹಾಕಿತು. ಆ ರೈತನ ನೀರಿನ ಸರದಿ ಅಂದು ಬೇರೆಯವರ ಹೊಲಕ್ಕೆ ಹರಿದುಹೋಯಿತು. ನಾನು ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರು ಕೋಪ ಮಾಡಿಕೊಳ್ಳಲಿಲ್ಲ. ‘ಸರ್, ಮುಂದಿನ ಸರದಿ ಎಂಟು ದಿನದ ಮೇಲೆ’ ಎಂದರು, ಅಷ್ಟೇ. ಆ ಮಾತು ಇಂದಿಗೂ ನನ್ನ ಎದೆಯಲ್ಲಿದೆ. ಅಂದಿನಿಂದ ಪ್ರತಿ ನಡಿಗೆಯ ಮೊದಲ ಹತ್ತು ನಿಮಿಷ ನಾನು ಸರದಿ ಎಂದರೇನು ಎಂಬುದನ್ನೇ ವಿವರಿಸುತ್ತೇನೆ, ಅರಸರ ಹೆಸರು ಆಮೇಲೆ.

ಅನುಮತಿಯ ವಿಷಯದಲ್ಲಿ ಅಡ್ಡದಾರಿ ಬೇಡ. ಕಾಲುವೆಯ ದಂಡೆ ಬಳಸಲು ನೀರಾವರಿ ನಿಗಮದ ಸ್ಥಳೀಯ ಕಚೇರಿಗೆ, ಸ್ಮಾರಕಗಳ ನಡುವೆ ಗುಂಪು ಕರೆದೊಯ್ಯಲು ಪುರಾತತ್ವ ಇಲಾಖೆಗೆ ಮತ್ತು ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರಕ್ಕೆ ಬರೆದು ಕೊಡಿ, ಸ್ವೀಕೃತಿ ಪಡೆಯಿರಿ. ಕಾಲುವೆಗೆ ಹಾನಿ ಮಾಡುವುದು, ಹರಿವಿಗೆ ಅಡ್ಡಿಪಡಿಸುವುದು 1965ರ ಕರ್ನಾಟಕ ನೀರಾವರಿ ಕಾಯ್ದೆಯಡಿ ಅಪರಾಧ ಎಂಬುದನ್ನು ಬಂದವರಿಗೂ ತಿಳಿಸಿ. ಡ್ರೋನ್ ತಂದವರನ್ನು ಒಪ್ಪಿಕೊಳ್ಳಬೇಡಿ. ಗುಂಪು ಅಪಘಾತ ವಿಮೆ ಮಾಡಿಸಿ, ಅದು ಐಚ್ಛಿಕ ಖರ್ಚಲ್ಲ. ತೋಟದಲ್ಲಿ ಔಷಧಿ ಸಿಂಪಡಿಸುವ ದಿನ ಆ ಕಡೆ ಹೋಗಬೇಡಿ. ಹೊಲದಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳ ಫೋಟೊವನ್ನು ಕೇಳದೆ ಯಾರೂ ತೆಗೆಯದಂತೆ ನೋಡಿಕೊಳ್ಳಿ.

ಕೊನೆಯದಾಗಿ ನೀವು ಕೇಳದ ಒಂದು ವಿಷಯ. ವರ್ಷಕ್ಕೊಮ್ಮೆ ದುರಸ್ತಿಗಾಗಿ ಕಾಲುವೆಯ ನೀರು ನಿಲ್ಲಿಸುತ್ತಾರೆ. ಪ್ರವಾಸಿಗರಿಗೆ ಆಗ ತೋರಿಸಲು ಏನೂ ಇರುವುದಿಲ್ಲ ಎಂದು ನೀವು ಅಂದುಕೊಂಡಿರಬಹುದು. ನನ್ನ ಮಟ್ಟಿಗೆ ಅವು ಅತ್ಯಂತ ಒಳ್ಳೆಯ ದಿನಗಳು. ನೀರಿಳಿದ ಮೇಲೆ ಹಳೆಯ ಕಲ್ಲಿನ ಸಾಲು, ಉಳಿಯ ಗುರುತು, ತೂಬಿನ ಹೊಸ್ತಿಲು, ಯಾವ ಕಾಲದ ದುರಸ್ತಿ ಎಲ್ಲಿ ನಡೆದಿದೆ ಎಂಬುದೆಲ್ಲ ಬರಿಗಣ್ಣಿಗೆ ಕಾಣುತ್ತದೆ, ಬೀಳುವ ಭಯವೂ ಇಲ್ಲ. ಈ ಬಾರಿ ನೀರು ನಿಲ್ಲಿಸುವ ದಿನಾಂಕವನ್ನು ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ. ಮೊದಲ ನಡಿಗೆಗೆ ಪ್ರವಾಸಿಗರು ಬೇಡ. ನಿಮ್ಮ ತಂದೆಯವರನ್ನು, ಗೊಣಗುವ ಆ ಪಕ್ಕದ ಹೊಲದವರನ್ನು ಕರೆದುಕೊಂಡು ಒಣಗಿದ ತಳದಲ್ಲಿ ನಡೆಯಿರಿ. ಯಾವ ತೂಬಿಗೆ ಏನು ಹೆಸರು, ಯಾವ ವರ್ಷ ಎಲ್ಲಿ ಒಡೆಯಿತು, ಯಾರು ರಾತ್ರಿಯೆಲ್ಲ ನಿಂತು ಕಟ್ಟಿದರು ಎಂದು ಕೇಳಿ ಬರೆದುಕೊಳ್ಳಿ. ಒಂದು ನೋಟುಪುಸ್ತಕ ಸಾಲದು, ಎರಡು ಇಟ್ಟುಕೊಂಡಿರಿ.